ನೀರು ಕುಡಿಯದ ನೂಲು

ಒಗೆದ ಬಟ್ಟೆಗಳನ್ನು ಹಗ್ಗದ ಮೇಲೆ ಹರವಿದಾಗ ನಡೆಯುವ ಒಂದು ಸಣ್ಣ ಸಂಗತಿಯನ್ನು ಸಂಸಾರ ನಡೆಸುವವರೆಲ್ಲರೂ ಬಲ್ಲರು. ಹತ್ತಿಯ ಪಂಚೆ ಹೊತ್ತು ಇಳಿಯುವವರೆಗೂ ತೇವವಾಗಿಯೇ ಇರುತ್ತದೆ. ಅದರ ಪಕ್ಕದಲ್ಲಿ ಹಾಕಿದ ಟೆರಿಲಿನ್ ಅಂಗಿ ಒಂದೆರಡು ಗಂಟೆಯಲ್ಲಿ ಒಣಗಿ, ಇಸ್ತ್ರಿಯ ಹಂಗೂ ಅಷ್ಟಾಗಿ ಇಲ್ಲದೆ, ತೊಡುವುದಕ್ಕೆ ಸಿದ್ಧವಾಗುತ್ತದೆ. ಹತ್ತಿ ನೀರನ್ನು ಕುಡಿಯುತ್ತದೆ, ಟೆರಿಲಿನ್ ಕುಡಿಯುವುದಿಲ್ಲ, ಗುಟ್ಟು ಇಷ್ಟೇ. ಸಾಧಾರಣ ತೇವದ ಗಾಳಿಯಲ್ಲಿ ೧೦೦ ಗ್ರಾಂ ಹತ್ತಿ ಸುಮಾರು ೮ ಗ್ರಾಂ ನೀರನ್ನು ತನ್ನೊಳಗೆ ಎಳೆದುಕೊಂಡಿರುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರ್ ನೂಲು ಅರ್ಧ ಗ್ರಾಂ ನೀರನ್ನೂ ಒಳಗೆ ಸೇರಿಸುವುದಿಲ್ಲ. ಟೆರಿಲಿನ್ ಎಂಬುದು ಆ ಪಾಲಿಯೆಸ್ಟರಿಗೆ ಇಂಗ್ಲೆಂಡಿನಲ್ಲಿ ಇಟ್ಟ ವ್ಯಾಪಾರದ ಹೆಸರು.

ಒಗೆಯುವವರಿಗೆ ವರವಾದ ಈ ಗುಣ ಬಟ್ಟೆಗೆ ಅಚ್ಚು ಹಾಕುವವನಿಗೆ ಶಾಪವಾಯಿತು. ಬಣ್ಣವನ್ನು ನೀರಿನಲ್ಲಿ ಕದಡಿ ಬಟ್ಟೆಯ ಮೈಯೊಳಕ್ಕೆ ಇಳಿಸುವುದು ಅವನ ಪರಂಪರೆಯ ಕಸಬು. ನೀರನ್ನೇ ಒಳಗೆ ಬಿಡದ ನೂಲಿನ ಮುಂದೆ ಅವನ ವಿದ್ಯೆ ಏನು ಮಾಡೀತು? ಸ್ವಾರಸ್ಯವೆಂದರೆ, ಆ ನೂಲು ಹುಟ್ಟಿದ್ದು ಬಟ್ಟೆಗೆ ಅಚ್ಚು ಹಾಕುವವರ ಮನೆಯಲ್ಲಿಯೇ. ಈಗ ಮನೆಯ ಹುಡುಗರೂ ಹುಡುಗಿಯರೂ ತೊಡುವ, ಎದೆಯ ಮೇಲೆ ಚಿತ್ರವೋ ಅಕ್ಷರವೋ ಇರುವ ಟೀ ಷರ್ಟುಗಳಲ್ಲಿ ಹತ್ತಿಯೂ ಪಾಲಿಯೆಸ್ಟರೂ ಬೆರೆತಿರುವುದು ಸಾಮಾನ್ಯ. ಆ ಚಿತ್ರ ಅಲ್ಲಿ ನಿಂತು, ಒಗೆತಕ್ಕೆ ಹೋಗದೆ, ಮೈಗೆ ಒರಟಾಗದೆ ಇರಬೇಕಾದರೆ ಎಷ್ಟು ಜನರ ತಲೆ ಬಿಸಿಯಾಗಿದೆ ಎಂಬ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕಥೆಯ ಮೊದಲ ಭಾಗ ನಮ್ಮ ದೇಶದ್ದು. ಹತ್ತಿಯ ಮೇಲೆ ಬಣ್ಣ ನಿಲ್ಲಿಸುವ ವಿದ್ಯೆಯಲ್ಲಿ ಭಾರತೀಯರನ್ನು ಮೀರಿಸಿದವರು ಬಹುಕಾಲ ಇರಲಿಲ್ಲ. ಗುಜರಾತಿನಲ್ಲಿ ಅಚ್ಚೊತ್ತಿದ ಹತ್ತಿಬಟ್ಟೆಯ ಚೂರುಗಳು ಈಜಿಪ್ಟಿನ ಫುಸ್ತಾತ್ ಎಂಬ ಹಳೆಯ ಪಟ್ಟಣದ ಅವಶೇಷಗಳಲ್ಲಿ ಸಿಕ್ಕಿವೆ. ಪಟಿಕದ ನೀರಿನಿಂದ ಬಟ್ಟೆಯ ಮೇಲೆ ಚಿತ್ತಾರ ಬರೆದು, ಆಮೇಲೆ ಮಂಜಿಷ್ಠದಂತಹ ಬೇರಿನ ಕಷಾಯದಲ್ಲಿ ಅದ್ದಿದರೆ, ಪಟಿಕವಿದ್ದಲ್ಲಿ ಮಾತ್ರ ಕೆಂಪು ಕಚ್ಚಿಕೊಳ್ಳುತ್ತದೆ. ಮಿಕ್ಕಲ್ಲಿ ಬಣ್ಣ ಒಗೆದು ಹೋಗುತ್ತದೆ. ಹತ್ತಿಯ ಬಾಯಾರಿಕೆಯನ್ನೇ ಬಂಡವಾಳ ಮಾಡಿಕೊಂಡ ವಿದ್ಯೆ ಇದು. ಕಲ್ಲಿಕೋಟೆಯ ಹೆಸರನ್ನು ಹಿಡಿದು ಇಂಗ್ಲಿಷರು ಇಂತಹ ಬಟ್ಟೆಯನ್ನು ‘ಕ್ಯಾಲಿಕೊ’ ಎಂದು ಕರೆದರು. ಅದರ ಮೋಹ ಅಲ್ಲಿನ ಹೆಂಗಸರಿಗೆ ಎಷ್ಟು ಹಿಡಿಯಿತೆಂದರೆ, ತಮ್ಮ ಉಣ್ಣೆ ರೇಷ್ಮೆಗಳ ನೇಕಾರರನ್ನು ಕಾಪಾಡಲು ಇಂಗ್ಲೆಂಡಿನ ಪಾರ್ಲಿಮೆಂಟು ೧೭೦೦ರಲ್ಲಿಯೂ ೧೭೨೧ರಲ್ಲಿಯೂ ಕಾನೂನು ಮಾಡಿ, ಮೊದಲು ಅಚ್ಚಿನ ಬಟ್ಟೆ ಬರುವುದನ್ನೂ ಆಮೇಲೆ ಅದನ್ನು ತೊಡುವುದನ್ನೂ ತಡೆಯಬೇಕಾಯಿತು. ೧೭೭೪ರಲ್ಲಿ ನಿರ್ಬಂಧ ಕಳಚುವ ಹೊತ್ತಿಗೆ ಲ್ಯಾಂಕಾಷೈರಿನವರು ಆ ವಿದ್ಯೆಯನ್ನು ತಾವೇ ಕಲಿತಿದ್ದರು. ೧೭೮೩ರಲ್ಲಿ ಥಾಮಸ್ ಬೆಲ್ ಎಂಬಾತ ತಾಮ್ರದ ಉರುಳೆಯಿಂದ ಅಚ್ಚು ಹಾಕುವ ಯಂತ್ರಕ್ಕೆ ಪೇಟೆಂಟು ಪಡೆದ ಮೇಲಂತೂ ಕೈಯಚ್ಚಿನವರ ಪಾಡು ಹೇಳತೀರದಾಯಿತು. ಮುಂದಿನ ಶತಮಾನದಲ್ಲಿ ಮ್ಯಾಂಚೆಸ್ಟರಿನ ಚೀಟಿಬಟ್ಟೆ ನಮ್ಮ ಸಂತೆಗಳಿಗೇ ಮರಳಿ ಬಂದದ್ದನ್ನು ವಾಚಕರಿಗೆ ನೆನಪಿಸಬೇಕಾದುದಿಲ್ಲ. ೧೮೯೯ರಲ್ಲಿ ಅಲ್ಲಿನ ಹಲವಾರು ಅಚ್ಚಿನ ಕಾರ್ಖಾನೆಗಳು ಒಂದುಗೂಡಿ ‘ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್’ ಎಂಬ ದೊಡ್ಡ ಸಂಸ್ಥೆಯಾದವು. ಈ ಹೆಸರು ಮುಂದೆ ಬೇಕಾಗುತ್ತದೆ.

ಉರುಳೆಯ ಯಂತ್ರ ಸಾವಿರಾರು ಗಜ ಬಟ್ಟೆಗೆ ಒಂದೇ ಚಿತ್ತಾರ ಹಾಕಲು ಸೊಗಸು. ಐವತ್ತು ಅಂಗಿಗಳಿಗೆ ಒಂದು ಸಂಘದ ಹೆಸರು ಹಾಕಿಕೊಡಿರೆಂದರೆ ಅದು ಕೆಲಸಕ್ಕೆ ಬಾರದು. ಅದಕ್ಕೆ ಬೇರೊಂದು ಉಪಾಯ ಬೇಕಾಗಿತ್ತು. ಆ ಉಪಾಯದ ಮೂಲತತ್ತ್ವ ನಮ್ಮ ಅಂಗಳದಲ್ಲಿಯೇ ಇದೆ. ರಂಗೋಲಿ ಹಾಕಲು ಬಾರದವರಿಗೆಂದು ಅಂಗಡಿಯಲ್ಲಿ ತೂತು ಕೊರೆದ ಅಚ್ಚುಗಳು ಸಿಗುತ್ತವಷ್ಟೆ. ಅಚ್ಚನ್ನು ನೆಲದ ಮೇಲಿಟ್ಟು ಪುಡಿ ಸವರಿದರೆ ತೂತಿದ್ದಲ್ಲಿ ಪುಡಿ ಇಳಿದು ಹೂವು ಮೂಡುತ್ತದೆ.

ಆದರೆ ಇದರಲ್ಲಿ ಒಂದು ತೊಡಕುಂಟು. ದಪ್ಪ ಕಾಗದದ ಮೇಲೆ ‘ಠ’ ಎಂಬ ಅಕ್ಷರವನ್ನು ಬರೆದು, ಬರೆದ ಗೆರೆಯನ್ನು ಕತ್ತರಿಸಿ ತೆಗೆದು ನೋಡಿ. ಹೊರಗಿನ ಸುತ್ತು ಕತ್ತರಿಸಿದೊಡನೆ ಒಳಗಿನ ಬಿಲ್ಲೆ ಚುಕ್ಕೆಯ ಸಮೇತ ಕೆಳಕ್ಕೆ ಬಿದ್ದುಹೋಗುತ್ತದೆ. ಬೀಳದಂತೆ ಮಾಡಬೇಕಾದರೆ ಅಲ್ಲಲ್ಲಿ ಸೇತುವೆಗಳನ್ನು ಬಿಡಬೇಕು. ಬಿಟ್ಟರೆ ಚಿತ್ರ ತುಂಡುತುಂಡಾಗಿ ಕಾಣುತ್ತದೆ. ಈ ತೊಡಕನ್ನು ಬಹಳ ನಾಜೂಕಾಗಿ ಬಿಡಿಸಿದವರು ಜಪಾನಿನ ಈಸೆ ಪ್ರಾಂತದ ಕುಶಲಿಗಳು. ಹಿಪ್ಪುನೇರಳೆಯ ಜಾತಿಯ ಮರದ ನಾರಿನಿಂದ ಮಾಡಿದ ಕಾಗದದ ಹಾಳೆಗಳನ್ನು ಒಂದು ಬಗೆಯ ಹಣ್ಣಿನ ಒಗರು ರಸದಿಂದ ಅಂಟಿಸಿ, ನೀರಿಗೆ ಜಗ್ಗದಂತೆ ಹದಮಾಡಿ, ಅದರಲ್ಲಿ ಕೂದಲೆಳೆಯಂತಹ ಚಿತ್ತಾರಗಳನ್ನು ಕೊರೆಯುತ್ತಿದ್ದರು. ಎರಡು ಪದರಗಳ ನಡುವೆ ರೇಷ್ಮೆಯ ಎಳೆಗಳನ್ನು ಹಾಯಿಸಿ, ಬಿಡಿ ತುಂಡುಗಳು ಕದಲದಂತೆ ಹಿಡಿಸುತ್ತಿದ್ದರು. ಎಳೆ ಅಷ್ಟು ಸಣ್ಣದಾದ್ದರಿಂದ ಅದರ ಗುರುತು ಬಟ್ಟೆಯ ಮೇಲೆ ಬೀಳುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂತಹ ಅಚ್ಚುಕಾಗದಗಳು ಯೂರೋಪಿಗೆ ರಾಶಿರಾಶಿಯಾಗಿ ಹೋದವು.

ಕೆಲವು ಎಳೆಗಳ ಬದಲು ಒಂದು ಇಡೀ ಜಾಲರಿಯನ್ನೇ ಬಿಗಿದರೆ ಹೇಗೆ? ಆಗ ಸೇತುವೆಯ ಚಿಂತೆಯೇ ಇಲ್ಲ. ಅದಕ್ಕೆ ಬೇಕಾದ ಬಟ್ಟೆ ಯೂರೋಪಿನಲ್ಲಿ ಸಿದ್ಧವಾಗಿಯೇ ಇತ್ತು. ಸ್ವಿಟ್ಸರ್ಲೆಂಡಿನಲ್ಲಿ ಹಿಟ್ಟಿನ ಗಿರಣಿಗಳಿಗಾಗಿ ರೇಷ್ಮೆಯ ಜರಡಿಬಟ್ಟೆಯನ್ನು ನೇಯುತ್ತಿದ್ದರು. ನಮ್ಮ ವೈದ್ಯರು ‘ವಸ್ತ್ರಗಾಲಿತ’ವೆಂದು ಹೇಳುವ ನಯವಾದ ಪುಡಿ ಇಂತಹ ಬಟ್ಟೆಯಿಂದಲೇ ಇಳಿಯಬೇಕು. ೧೯೦೭ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತ ರೇಷ್ಮೆ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ಅಚ್ಚು ಹಾಕುವ ಕ್ರಮಕ್ಕೆ ಪೇಟೆಂಟು ಪಡೆದನು. ಚಿತ್ರವಿಲ್ಲದ ಜಾಗದ ಕಣ್ಣುಗಳನ್ನು ಮುಚ್ಚಿ, ಚಿತ್ರವಿರುವ ಜಾಗದ ಕಣ್ಣುಗಳನ್ನು ತೆರೆದಿಟ್ಟು, ಮೇಲಿನಿಂದ ಬಣ್ಣವನ್ನು ಒತ್ತುವುದು ಇದರ ವಿಧಾನ. ಕೆಲವೇ ವರ್ಷಗಳಲ್ಲಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೊ ನಗರದ ಜಾನ್ ಪಿಲ್ಸ್‌ವರ್ತ್ ಒಂದೇ ಸ್ಕ್ರೀನಿನಿಂದ ಹಲವು ಬಣ್ಣಗಳನ್ನು ತೆಗೆಯುವ ಯುಕ್ತಿಯನ್ನು ಕಂಡುಹಿಡಿದು, ಜಾಹೀರಾತಿನ ಫಲಕಗಳಿಗೆ ಅದನ್ನು ಬಳಕೆಗೆ ತಂದನು. ಫೋಟೋಗ್ರಫಿಯ ನೆರವೂ ಸೇರಿತು. ಬೈಕ್ರೋಮೇಟ್ ಲವಣ ಬೆರೆಸಿದ ಅಂಟು ಬೆಳಕು ಬಿದ್ದಲ್ಲಿ ಗಟ್ಟಿಯಾಗಿ, ಬೆಳಕು ಬೀಳದಲ್ಲಿ ನೀರಿನಿಂದ ತೊಳೆದು ಹೋಗುತ್ತದೆ. ಆದ್ದರಿಂದ ಕತ್ತರಿಯ ಕೆಲಸವಿಲ್ಲದೆಯೇ ಯಾವ ಚಿತ್ರವನ್ನಾದರೂ ಜಾಲರಿಯ ಮೇಲೆ ಮೂಡಿಸುವಂತಾಯಿತು. ಬೈಕ್ರೋಮೇಟು ವಿಷವಾದ್ದರಿಂದ ಮುಂದೆ ಅದರ ಸ್ಥಾನಕ್ಕೆ ಬೇರೆ ರಾಸಾಯನಿಕಗಳು ಬಂದವು.

ನಮ್ಮ ಊರುಗಳಲ್ಲಿ ಮದುವೆಯ ಕರೆಯೋಲೆ, ಅಂಗಡಿಯ ಕೈಚೀಲ, ಸಭೆ ಸಮಾರಂಭಗಳ ಬ್ಯಾನರು ಇವುಗಳ ಮೂಲಕ ಈ ವಿದ್ಯೆ ಎಲ್ಲರಿಗೂ ಪರಿಚಿತ. ಒಂದು ಮೇಜು, ಎರಡು ತಿರುಗಣೆ, ಮರದ ಚೌಕಟ್ಟು, ಸ್ಕ್ವೀಜಿ ಎನ್ನುವ ರಬ್ಬರಂಚಿನ ಹಲಗೆ, ಇಷ್ಟಿದ್ದರೆ ಚಿಕ್ಕ ಕೋಣೆಯಲ್ಲಿಯೂ ಒಂದು ಸಂಸಾರದ ಜೀವನ ಸಾಗುತ್ತದೆ. ದೊಡ್ಡ ಬಂಡವಾಳ ಬೇಡದ ಮುದ್ರಣ ಇದೊಂದೇ ಎಂದರೂ ತಪ್ಪಲ್ಲ.

ಇನ್ನು ಟೀ ಷರ್ಟು. ಅದು ಹುಟ್ಟಿನಿಂದ ಒಳ ಉಡುಪು. ನಮ್ಮ ಬನೀನಿನ ಬಳಗದ್ದು. ೧೯೧೩ರ ಸುಮಾರಿಗೆ ಅಮೆರಿಕದ ನೌಕಾಪಡೆ ತನ್ನ ನಾವಿಕರಿಗೆ ಅರ್ಧತೋಳಿನ ಬಿಳಿಯ ಹೆಣಿಗೆಯ ಅಂಗಿಯನ್ನು ಕೊಡಲಾರಂಭಿಸಿತು. ತೋಳು ಚಾಚಿ ಹರವಿದರೆ ಇಂಗ್ಲಿಷಿನ ಟೀ ಅಕ್ಷರದಂತೆ ಕಾಣುವುದರಿಂದ ಈ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಒಳಗಿನಿಂದ ಹೊರಗೆ ಬಂತು. ೧೯೪೨ರ ಜುಲೈ ೧೩ರ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ, ವಾಯುಪಡೆಯ ಬಂದೂಕು ತರಬೇತಿ ಶಾಲೆಯ ಹೆಸರನ್ನು ಎದೆಯ ಮೇಲೆ ಅಚ್ಚು ಹಾಕಿಸಿಕೊಂಡ ಟೀ ಷರ್ಟಿನ ಯೋಧನೊಬ್ಬನ ಚಿತ್ರ ಬಂತು. ೧೯೪೮ರ ಚುನಾವಣೆಯಲ್ಲಿ ಅಧ್ಯಕ್ಷ ಪದವಿಗೆ ನಿಂತ ಥಾಮಸ್ ಡ್ಯೂಯಿಯ ಪರವಾಗಿ ಘೋಷಣೆ ಅಚ್ಚಾದ ಟೀ ಷರ್ಟುಗಳು ಹೊರಟವು. ಡ್ಯೂಯಿ ಸೋತರು. ಷರ್ಟು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿದುಕೊಂಡಿತು! ೧೯೫೧ರಲ್ಲಿ ಮಾರ್ಲನ್ ಬ್ರ್ಯಾಂಡೊ ಅದನ್ನು ತೊಟ್ಟು ಚಲಚ್ಚಿತ್ರದ ತೆರೆಯ ಮೇಲೆ ಬಂದ ಮೇಲೆ ಹೇಳುವುದೇ ಬೇಡ. ಆ ತನಕ ಅದು ಹತ್ತಿಯ ಅಂಗಿ; ನೀರಿನ ಬಣ್ಣವನ್ನೋ ಎಣ್ಣೆಯ ಬಣ್ಣವನ್ನೋ ಒತ್ತಿದರೆ ಹೇಗೋ ಹಿಡಿಯುತ್ತಿತ್ತು.

ಅಷ್ಟರಲ್ಲಿ ಆ ನೂಲು ಬಂತು. ಲ್ಯಾಂಕಾಷೈರಿನ ಅಕ್ರಿಂಗ್ಟನ್ ಎಂಬ ಊರಿನಲ್ಲಿ, ಬ್ರಾಡ್ ಓಕ್ ಎಂಬ ಅಚ್ಚಿನ ಕಾರ್ಖಾನೆಗೆ ಸೇರಿದಂತೆ, ಮೇಲೆ ಹೇಳಿದ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ನಿನ ಪ್ರಯೋಗಶಾಲೆಯಿತ್ತು. ಅಲ್ಲಿ ಜಾನ್ ರೆಕ್ಸ್ ವಿನ್‌ಫೀಲ್ಡ್ ಎಂಬ ರಸಾಯನಶಾಸ್ತ್ರಜ್ಞನೂ ಅವನ ಸಹಾಯಕ ಜೇಮ್ಸ್ ಟೆನೆಂಟ್ ಡಿಕ್ಸನ್ನನೂ ಕೆಲಸ ಮಾಡುತ್ತಿದ್ದರು. ಅಮೆರಿಕದಲ್ಲಿ ವಾಲೆಸ್ ಕ್ಯಾರದರ್ಸ್ ಎಂಬ ಪ್ರತಿಭಾಶಾಲಿ ಮೊದಲು ಪಾಲಿಯೆಸ್ಟರುಗಳನ್ನೇ ಪರೀಕ್ಷಿಸಿ, ಅವು ಕಡಿಮೆ ಶಾಖಕ್ಕೇ ಕರಗುವುದನ್ನು ಕಂಡು, ಅವನ್ನು ಕೈಬಿಟ್ಟು ನೈಲಾನಿನತ್ತ ತಿರುಗಿದ್ದನು. ಅವನು ಬಿಟ್ಟ ದಾರಿಯನ್ನು ವಿನ್‌ಫೀಲ್ಡ್ ಹಿಡಿದನು. ಕ್ಯಾರದರ್ಸ್ ಉಪಯೋಗಿಸಿದ ಆಮ್ಲಗಳ ಬದಲು ಟೆರೆಥಾಲಿಕ್ ಆಮ್ಲವೆಂಬುದನ್ನು ಗ್ಲೈಕಾಲಿನೊಡನೆ ಕೂಡಿಸಿದರೆ ಗಟ್ಟಿಯಾದ ಸರಪಣಿಯಂತಹ ಅಣು ಹುಟ್ಟೀತೆಂಬುದು ಅವನ ಊಹೆ. ೧೯೪೧ರಲ್ಲಿ ಊಹೆ ನಿಜವಾಯಿತು. ಕರಗಿದ ಪಾಕದಿಂದ ಎಳೆದ ದಾರ ಸುಮಾರು ೨೫೦ ಡಿಗ್ರಿ ಸೆಂಟಿಗ್ರೇಡಿನವರೆಗೂ ಕರಗದೆ ನಿಂತಿತು. ಯುದ್ಧಕಾಲವಾದ್ದರಿಂದ ವಿಷಯವನ್ನು ಗುಟ್ಟಾಗಿ ಇಟ್ಟರು. ಲೋಕಕ್ಕೆ ತಿಳಿದದ್ದು ೧೯೪೬ರಲ್ಲಿ. ಆಮೇಲೆ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆ ಅದನ್ನು ಟೆರಿಲಿನ್ ಎಂದೂ, ಅಮೆರಿಕದ ಡ್ಯೂಪಾಂಟ್ ಸಂಸ್ಥೆ ಡೇಕ್ರಾನ್ ಎಂದೂ ತಯಾರಿಸತೊಡಗಿದವು. ನಮ್ಮಲ್ಲಿ ೧೯೬೦ರ ದಶಕದ ಮಧ್ಯದಲ್ಲಿ ಮುಂಬಯಿಯ ಬಳಿಯ ಠಾಣೆಯಿಂದ ‘ಟೆರೀನ್’ ಎಂಬ ಹೆಸರಿನಲ್ಲಿ ಹೊರಟಿತು. ಹತ್ತಿಯೊಡನೆ ಬೆರೆತು ಅದು ‘ಟೆರಿಕಾಟ್’ ಆದದ್ದೂ, ಟೆರಿಕಾಟ್ ಅಂಗಿ ಇದ್ದವನಿಗೆ ಊರಿನಲ್ಲಿ ಒಂದು ಗತ್ತು ಬಂದದ್ದೂ ಹಿರಿಯರ ನೆನಪಿನಲ್ಲಿರಬಹುದು.

ಅಚ್ಚಿನವರ ಸಂಸ್ಥೆ ಈ ನೂಲನ್ನು ತಾನೇ ತಯಾರಿಸಲಿಲ್ಲ. ಹಕ್ಕನ್ನು ಕೊಟ್ಟು ಹಣ ಪಡೆಯಿತು. ಅದರ ಸ್ವಂತ ಕಸಬು ಮಾತ್ರ ಯುದ್ಧಾನಂತರ ಇಳಿಮುಖವಾಗುತ್ತಲೇ ಹೋಯಿತು; ೧೯೬೮ರಲ್ಲಿ ಸಂಸ್ಥೆ ಇನ್ನೊಂದು ಕಂಪನಿಯೊಡನೆ ವಿಲೀನವಾಯಿತು. ಮಗು ಜಗತ್ತನ್ನೆಲ್ಲ ಆಳಿತು, ಹೆತ್ತವರ ಮನೆ ಬಾಗಿಲು ಹಾಕಿತು ಎನ್ನಬೇಕು.

ಹೊಸ ನೂಲಿಗೆ ಬಣ್ಣ ಕಟ್ಟುವುದೇ ದೊಡ್ಡ ಸಮಸ್ಯೆಯಾಯಿತು. ಹತ್ತಿಗೆ ಸಲ್ಲುವ ಬಣ್ಣ ಯಾವುದೂ ಪಾಲಿಯೆಸ್ಟರಿಗೆ ಸಲ್ಲಲಿಲ್ಲ. ಸದ್ಯ, ೧೯೨೦ರ ದಶಕದಲ್ಲಿ ಅಸಿಟೇಟ್ ಎಂಬ ಕೃತಕ ರೇಷ್ಮೆಗಾಗಿ ಇಂಗ್ಲೆಂಡಿನಲ್ಲಿ ಒಂದು ಬಗೆಯ ಬಣ್ಣಗಳನ್ನು ಮಾಡಿದ್ದರು. ಇವು ನೀರಿನಲ್ಲಿ ಕರಗುವುದಿಲ್ಲ. ನಯವಾದ ಪುಡಿಯಾಗಿ ತೇಲುತ್ತವೆ. ‘ಡಿಸ್ಪರ್ಸ್’ ಬಣ್ಣಗಳೆಂದು ಇವಕ್ಕೆ ಹೆಸರು. ನೂಲನ್ನು ಒತ್ತಡದಲ್ಲಿ ಸುಮಾರು ೧೩೦ ಡಿಗ್ರಿಯವರೆಗೆ ಕಾಯಿಸಿದಾಗ ಅದರ ಬಿಗಿದ ಅಣುಸರಪಣಿಗಳು ಕೊಂಚ ಸಡಿಲವಾಗುತ್ತವೆ. ಆ ಸಂದಿಯಲ್ಲಿ ಬಣ್ಣ ಒಳಹೊಕ್ಕು, ತಣ್ಣಗಾದ ಮೇಲೆ ಸೆರೆಯಾಗುತ್ತದೆ. ಹತ್ತಿಗಾದರೋ ೧೯೫೬ರಲ್ಲಿ ನೂಲಿನೊಡನೆಯೇ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳು ಬಂದವು. ಹೀಗೆ ಒಂದೇ ಬೆರಕೆಯ ಬಟ್ಟೆಯಲ್ಲಿ ಎರಡು ನೂಲು, ಎರಡು ಬಣ್ಣ, ಎರಡು ಪಾಕಶಾಸ್ತ್ರ! ದೊಡ್ಡ ಕಾರ್ಖಾನೆಗೆ ಇದು ಸಾಧ್ಯ. ಮೇಜಿನ ಮುಂದೆ ನಿಂತ ಸ್ಕ್ರೀನಿನವನಿಗೆ ಅಸಾಧ್ಯ. ಹತ್ತಿಗೆ ಒಪ್ಪುವ ಬಣ್ಣವನ್ನು ಬೆರಕೆಯ ಅಂಗಿಗೆ ಒತ್ತಿದರೆ, ಒಂದೆರಡು ಒಗೆತದಲ್ಲಿ ಪಾಲಿಯೆಸ್ಟರಿನ ಎಳೆಗಳು ಬೆತ್ತಲಾಗಿ, ಚಿತ್ರ ಬೂದಿ ಬಳಿದಂತೆ ಮಸಕಾಗುತ್ತಿತ್ತು.

ನೂಲಿನ ಜಾತಿಯನ್ನು ಕೇಳದ ಒಂದು ದಾರಿ ಮಾತ್ರ ಉಳಿಯಿತು. ಬಣ್ಣ ಒಳಗೆ ಹೋಗದಿದ್ದರೆ ಬೇಡ, ಮೇಲೆಯೇ ಅಂಟಿಕೊಂಡಿರಲಿ. ಕರಗದ ವರ್ಣಕಣಗಳನ್ನು ಅಂಟಿನಲ್ಲಿ ಕಲಸಿ ಒತ್ತಿ, ಕಾಯಿಸಿ, ತೆಳುವಾದ ಪೊರೆಯಾಗಿ ಕೂರಿಸುವ ‘ಪಿಗ್ಮೆಂಟ್’ ಅಚ್ಚು ಇದು. ೧೯೩೦ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇದು ವ್ಯಾಪಾರಕ್ಕೆ ಬಂತು. ಬಣ್ಣದ ಸರಿ ಹರಿಯದೆ ನಿಲ್ಲಬೇಕಲ್ಲ, ಅದಕ್ಕಾಗಿ ನೀರನ್ನೂ ಸೀಮೆಎಣ್ಣೆಯಂತಹ ತೈಲವನ್ನೂ ಮಜ್ಜಿಗೆ ಕಡೆದಂತೆ ಕಡೆದು ಬೆಣ್ಣೆಯ ಹದಕ್ಕೆ ತರುತ್ತಿದ್ದರು. ಆ ಸರಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲಿನವರೆಗೂ ತೈಲವೇ ಇರುತ್ತಿತ್ತು. ಒಣಗಿಸುವಾಗ ಅಷ್ಟೂ ಗಾಳಿಗೆ ಹೋಗಬೇಕು. ಕೆಲಸಗಾರನ ಉಸಿರಿಗೂ ಹೋಗಬೇಕು. ಬೆಂಕಿಯ ಭಯ ಬೇರೆ. ಇಂತಹ ಸರಿಯನ್ನೂ ಅನೇಕರು ನೀರಿನ ಬಣ್ಣವೆಂದೇ ಕರೆಯುತ್ತಿದ್ದರು. ೧೯೭೩ರ ತೈಲದ ಬೆಲೆಯೇರಿಕೆಯ ತರುವಾಯ ಕೃತಕ ಗಂಜಿಗಳು ಬಂದು, ತೈಲದ ಪಾಲು ಕ್ರಮೇಣ ಇಳಿಯಿತು. ಕೆಲಸಗಾರನ ಕೆಮ್ಮು ಮಾಡಿಸದ ಸುಧಾರಣೆಯನ್ನು ಅರಬ್ ದೇಶಗಳ ತೈಲ ಮಾಡಿಸಿತೆಂದು ಹೇಳಿದರೆ ಕಟುವಾಗಿ ಕಂಡೀತು. ಆದರೆ ನನಗೆ ಹಾಗೆಯೇ ತೋರುತ್ತದೆ.

ಈ ನಡುವೆ ೧೯೫೦ರ ದಶಕದ ಕೊನೆಗೆ ನೀರೇ ಇಲ್ಲದ ಬಣ್ಣವೊಂದು ರಂಗಪ್ರವೇಶ ಮಾಡಿತು. ಅದೇ ಪ್ಲಾಸ್ಟಿಸಾಲ್. ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಪುಡಿಯನ್ನು ಅದನ್ನು ಮೆದುಗೊಳಿಸುವ ಎಣ್ಣೆಯಂತಹ ದ್ರವದಲ್ಲಿ ಕಲಸಿದರೆ ಪ್ಲಾಸ್ಟಿಸಾಲ್. ೧೬೦ ಡಿಗ್ರಿಯಷ್ಟು ಕಾಯಿಸುವವರೆಗೆ ಅದು ಗಟ್ಟಿಯಾಗುವುದೇ ಇಲ್ಲ. ಸ್ಕ್ರೀನಿನಲ್ಲಿ ಬಣ್ಣವನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಿ ಬರಬಹುದು. ಮರುದಿನ ಬಂದು ಮುಂದುವರಿಸಲೂಬಹುದು. ಹತ್ತಿಯೋ ಪಾಲಿಯೆಸ್ಟರೋ ಎಂದು ಕೇಳುವುದಿಲ್ಲ. ಕಪ್ಪು ಬಟ್ಟೆಯ ಮೇಲೂ ಹಳದಿ ಹಳದಿಯಾಗಿಯೇ ಕಾಣುತ್ತದೆ. ೧೯೬೦ರ ದಶಕದಲ್ಲಿ ಮೈಕೆಲ್ ವಾಸಿಲಾಂಟೋನ್ ಎಂಬ ಅಮೆರಿಕದವನು ಹಲವು ಬಣ್ಣಗಳನ್ನು ಸಾಲಾಗಿ ಒತ್ತುವ, ರಾಟೆಯಂತೆ ತಿರುಗುವ ಯಂತ್ರವನ್ನು ರಚಿಸಿದ ಮೇಲೆ ಕೆಲಸ ಮತ್ತೂ ಸುಲಭವಾಯಿತು. ಅಮೆರಿಕದ ಟೀ ಷರ್ಟಿನ ವ್ಯಾಪಾರ ಬಹುಮಟ್ಟಿಗೆ ಪ್ಲಾಸ್ಟಿಸಾಲಿನ ಕೈಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಅದರ ದೋಷಗಳು ನಿಧಾನವಾಗಿ ಕಂಡವು. ಚಿತ್ರ ಎದೆಯ ಮೇಲೆ ರಬ್ಬರಿನ ಹಾಳೆಯಂತೆ ಕೂರುತ್ತದೆ; ಅಲ್ಲಿ ಗಾಳಿಯಾಡದೆ ಬೆವರು ನಿಲ್ಲುತ್ತದೆ. ಇಸ್ತ್ರಿ ತಗುಲಿದರೆ ಕರಗುತ್ತದೆ. ಸ್ಕ್ರೀನನ್ನು ತೊಳೆಯಲು ನೀರು ಸಾಲದು, ಬೇರೆ ದ್ರಾವಕ ಬೇಕು. ಪ್ಲಾಸ್ಟಿಕ್ಕನ್ನು ಮೆದುಮಾಡಲು ಹಾಕುತ್ತಿದ್ದ ಥಾಲೇಟ್ ಎಂಬ ವಸ್ತುಗಳ ಕೆಲವು ಮಕ್ಕಳ ಬೆಳವಣಿಗೆಗೆ ಕೆಡುಕು ಮಾಡಬಹುದೆಂಬ ಶಂಕೆ ಬಲವಾಯಿತು. ಯೂರೋಪಿನ ಒಕ್ಕೂಟ ೧೯೯೯ರಲ್ಲಿ ಎಳೆಮಕ್ಕಳು ಬಾಯಿಗಿಡುವ ಆಟಿಕೆಗಳಲ್ಲಿ ಇವನ್ನು ತಾತ್ಕಾಲಿಕವಾಗಿ ತಡೆದು, ೨೦೦೫ರಲ್ಲಿ ಶಾಶ್ವತ ನಿಯಮ ಮಾಡಿತು. ಅಮೆರಿಕ ೨೦೦೮ರಲ್ಲಿ ಕಾನೂನು ಮಾಡಿ ಮಕ್ಕಳ ಸಾಮಾನುಗಳಲ್ಲಿ ಇವುಗಳ ಪ್ರಮಾಣಕ್ಕೆ ಮಿತಿ ಹಾಕಿತು. ಥಾಲೇಟಿಲ್ಲದ ಪ್ಲಾಸ್ಟಿಸಾಲುಗಳು ಬಂದವು, ನಿಜ. ಆದರೂ ಅಚ್ಚಿನವರಲ್ಲಿ ಹಲವರ ಮನಸ್ಸು ಮತ್ತೆ ನೀರಿನ ಕಡೆಗೆ ಹೊರಳಿತು.

ಪ್ಲಾಸ್ಟಿಸಾಲಿನ ಇನ್ನೊಂದು ದೋಷ ಬೆರಕೆಯ ಬಟ್ಟೆಗೇ ಸೇರಿದ್ದು. ಅದನ್ನು ಕೊಂಚ ಬಿಡಿಸಿ ಹೇಳಬೇಕು. ಕೆಂಪು ಬೆರಕೆಯ ಅಂಗಿಯ ಮೇಲೆ ಹಾಲಿನಂತಹ ಬಿಳಿಯಲ್ಲಿ ಹೆಸರು ಒತ್ತಿರುತ್ತಾರೆ. ಒಲೆಯಿಂದ ಹೊರಬಂದಾಗ ಅದು ಬೆಳ್ಳಗೇ ಇರುತ್ತದೆ. ಮಡಿಸಿ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದ ಕೆಲವು ದಿನಗಳ ಮೇಲೆ ನೋಡಿದರೆ ಬಿಳಿ ಹೋಗಿ ಗುಲಾಬಿ! ಗಿರಾಕಿ ಸರಕನ್ನು ಹಿಂದಕ್ಕೆ ಎಸೆಯುತ್ತಾನೆ. ಆಗುವುದೇನೆಂದರೆ, ಪಾಲಿಯೆಸ್ಟರಿನಲ್ಲಿ ಶಾಖದಿಂದ ಸೆರೆಯಾದ ಬಣ್ಣಕ್ಕೆ ಮತ್ತೆ ಅಷ್ಟು ಶಾಖ ಸಿಕ್ಕಿದರೆ ಬಿಡುಗಡೆಯಾದಂತೆ. ಆವಿಯಾಗಿ ಮೇಲಕ್ಕೇರಿ ಹತ್ತಿರದ ಪೊರೆಯಲ್ಲಿ ಸೇರಿಕೊಳ್ಳುತ್ತದೆ. ಪ್ಲಾಸ್ಟಿಸಾಲಿನೊಳಗಿನ ಮೆದುಕಾರಿ ಅಂತಹ ಬಣ್ಣವನ್ನು ಕರಗಿಸಿಕೊಳ್ಳುವುದರಲ್ಲಿ ಬಲು ನಿಪುಣ. ನೀರಿನ ಬಣ್ಣದ ಅಂಟು ಅಷ್ಟೊಂದು ಆಸೆಬುರುಕನಲ್ಲ.

ಹಾಗಾದರೆ ನೀರಿನ ಬಣ್ಣವನ್ನೇ ಬಳಸಬಹುದಲ್ಲ ಎಂದು ಕೇಳಬಹುದು. ಅದರ ಕಷ್ಟ ಬೇರೆ ತೆರನಾದುದು. ಈಗಿನ ನೀರಿನ ಬಣ್ಣದಲ್ಲಿ ವರ್ಣಕಣ, ಅಕ್ರಿಲಿಕ್ ಜಾತಿಯ ಅಂಟು, ಗಂಜಿ, ಬೇಗ ಆರದಂತೆ ತಡೆಯುವ ಯೂರಿಯಾ ಅಥವಾ ಗ್ಲಿಸರೀನಿನಂತಹ ಪದಾರ್ಥ, ಮಿಕ್ಕಂತೆ ನೀರು ಇರುತ್ತವೆ. ಮಂಗಳೂರಿನ ಆಷಾಢದಲ್ಲಿ ಇದು ಸ್ಕ್ರೀನಿನ ಮೇಲೆ ನೆಮ್ಮದಿಯಾಗಿರುತ್ತದೆ. ಬಳ್ಳಾರಿಯ ವೈಶಾಖದಲ್ಲಿ ಕೆಲಸಗಾರ ಹಣೆ ಒರಸಿಕೊಳ್ಳುವಷ್ಟರಲ್ಲಿ ಜಾಲರಿಯ ಕಣ್ಣುಗಳಲ್ಲಿ ಆರಿ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಸ್ಕ್ರೀನು ಕುರುಡು. ಆದ್ದರಿಂದ ಕೈ ನಿಲ್ಲಿಸುವಂತಿಲ್ಲ. ಪ್ರತಿ ಅಚ್ಚಿನ ನಂತರ ಜಾಲರಿಯ ಮೇಲೆ ಬಣ್ಣವನ್ನು ಹರಡಿ ಹಸಿಯಾಗಿಡಬೇಕು, ನಡುನಡುವೆ ನೀರು ಚಿಮುಕಿಸಬೇಕು. ಜಾಲರಿಯ ಕಣ್ಣು ಮುಚ್ಚಿದ ಲೇಪವೂ ನೀರಿಗೆ ಕರಗದಂತಹುದೇ ಆಗಬೇಕು. ಇಲ್ಲದಿದ್ದರೆ ಹತ್ತಾರು ಅಂಗಿಗಳಾಗುವಷ್ಟರಲ್ಲಿ ಅಚ್ಚೇ ಕರಗಿ ಹೋಗುತ್ತದೆ.

ಇನ್ನು ಒಣಗಿಸುವ ಮಾತು. ಒಂದು ಗ್ರಾಂ ನೀರನ್ನು ನಮ್ಮ ಕೋಣೆಯ ಬಿಸಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು ೭೫ ಕ್ಯಾಲರಿ ಶಾಖ ಸಾಕು. ಕುದಿಯುವ ಅದೇ ನೀರನ್ನು ಆವಿಯಾಗಿಸಲು ಮತ್ತೆ ೫೪೦ ಕ್ಯಾಲರಿ ಬೇಕು. ನೀರೆಲ್ಲ ಹೋಗುವವರೆಗೆ ಬಟ್ಟೆಯ ಶಾಖ ಮೇಲೇರುವುದಿಲ್ಲ. ಅದು ೧೫೦ ಡಿಗ್ರಿಯ ಆಸುಪಾಸಿಗೆ ಏರದೆ ಸಾಮಾನ್ಯ ಅಂಟು ಗಟ್ಟಿಯಾಗುವುದಿಲ್ಲ. ಆದಕಾರಣ ಒಲೆ ಉದ್ದವಾಗಬೇಕು, ಗಾಳಿ ಬೀಸಬೇಕು, ಸಮಯ ಎರಡರಷ್ಟು ಹಿಡಿಯಬೇಕು. ಇತ್ತ ಪಾಲಿಯೆಸ್ಟರಿನ ಬಣ್ಣ ಕದಲತೊಡಗುವುದೂ ಅದೇ ಶಾಖದ ಸುತ್ತಮುತ್ತ. ಕಡಿಮೆ ಕಾಯಿಸಿದರೆ ಚಿತ್ರ ಮೊದಲ ಒಗೆತಕ್ಕೆ ಹೋಯಿತು. ಹೆಚ್ಚು ಕಾಯಿಸಿದರೆ ಅಂಗಿಯ ಬಣ್ಣ ಚಿತ್ರಕ್ಕೆ ಏರಿತು. ಅತ್ತ ದರಿ ಇತ್ತ ಪುಲಿ. ಕಡಿಮೆ ಶಾಖದಲ್ಲಿಯೇ ಅಂಟಿನ ಅಣುಗಳನ್ನು ಒಂದಕ್ಕೊಂದು ಗಂಟುಹಾಕುವ ರಾಸಾಯನಿಕಗಳು ಬಂದ ಮೇಲೆ ಈ ಬಿಕ್ಕಟ್ಟು ಬಹಳಮಟ್ಟಿಗೆ ಸಡಿಲವಾಗಿದೆ. ಆದರೆ ಅವನ್ನು ಬೆರೆಸಿದ ಬಣ್ಣ ಹಳಸುವ ಹಿಟ್ಟಿನಂತೆ. ಅಂದಂದಿಗೆ ಬೇಕಾದಷ್ಟನ್ನೇ ಕಲಸಬೇಕು.

ಬಣ್ಣದ ಅಂಗಿಯ ಮೇಲೆ ನೀರಿನ ಬಣ್ಣ ಪಾರದರ್ಶಕವಾಗಿ ಕಾಣುವುದೂ ಒಂದು ತೊಡಕು. ಹತ್ತಿಯಾದರೆ, ಅಂಗಿಯ ಬಣ್ಣವನ್ನೇ ತಿಂದು ತಾನು ಆ ಜಾಗದಲ್ಲಿ ಕೂರುವ ‘ಡಿಸ್ಚಾರ್ಜ್’ ಬಣ್ಣ ಹಾಕಬಹುದು. ಬೆರಕೆಯಲ್ಲಿ ಅದು ಹತ್ತಿಯ ಎಳೆಗಳ ಬಣ್ಣವನ್ನು ಮಾತ್ರ ತಿಂದು ಪಾಲಿಯೆಸ್ಟರಿನದನ್ನು ಬಹುಪಾಲು ಹಾಗೆಯೇ ಬಿಡುತ್ತದೆ. ಪರಿಣಾಮವಾಗಿ ಹತ್ತಾರು ಸಲ ಒಗೆದ ಹಳೆಯ ಅಂಗಿಯಂತೆ ಚುಕ್ಕೆಚುಕ್ಕೆಯಾಗಿ ಮಾಸಿದ ಚಿತ್ರ. ಒಂದು ಕಾಲದಲ್ಲಿ ಇದನ್ನು ಕೆಟ್ಟ ಕೆಲಸವೆಂದು ಎಸೆಯುತ್ತಿದ್ದರು. ಆಮೇಲೆ ಅದೇ ಒಂದು ಷೋಕಿಯಾಗಿ, ಹೊಸ ಅಂಗಿ ಹಳೆಯದರಂತೆ ಕಾಣಲೆಂದೇ ಹುಡುಗರ ಗಿರಾಕಿ ಬಂತು! ಅಚ್ಚಿನವನು ಗೆದ್ದನೆಂದು ಹೇಳುವುದಕ್ಕಿಂತ ಕಾಲ ಅವನ ಕೈ ಹಿಡಿಯಿತೆಂದು ಹೇಳುವುದು ಲೇಸು.

ಒಂದು ಕಡೆ ಮಾತ್ರ ಈ ನೂಲು ಅಚ್ಚಿನವನಿಗೆ ಋಣ ತೀರಿಸಿದೆ. ರೇಷ್ಮೆಯ ಜಾಲರಿ ನೀರಿನಲ್ಲಿ ನೆನೆದು ಜೋಲುತ್ತದೆ. ಜೋತರೆ ಎರಡನೆಯ ಬಣ್ಣ ಮೊದಲನೆಯದರ ಪಕ್ಕಕ್ಕೆ ಸರಿಯುತ್ತದೆ. ನೀರು ಕುಡಿಯದ ಪಾಲಿಯೆಸ್ಟರು ಜೋಲುವುದಿಲ್ಲ. ಸೆಂಟಿಮೀಟರಿಗೆ ೪೦ರಿಂದ ೮೦ ಎಳೆಗಳಂತೆ ನೇಯ್ದ ಪಾಲಿಯೆಸ್ಟರ್ ಜಾಲರಿಯೇ ಇಂದು ಟೀ ಷರ್ಟಿನ ಅಚ್ಚಿಗೆ ಆಧಾರ. ಸ್ಕ್ರೀನಿನ ಕೆಳಗೆ ಯಾವ ಗುಣ ಕಾಟ ಕೊಟ್ಟಿತೋ ಸ್ಕ್ರೀನಿನಲ್ಲಿ ಅದೇ ಗುಣ ಉಪಕಾರಕ್ಕೆ ಬಂದಿದೆ.

‘ನೀರಿನ ಬಣ್ಣ’ ಎಂದೊಡನೆ ಅದು ನಿರ್ಮಲವಾದದ್ದೆಂದು ನಂಬುವವರಿಗೆ ಒಂದು ಮಾತು. ಸ್ಕ್ರೀನು ತೊಳೆದ ನೀರಿನಲ್ಲಿ ಅಂಟೂ ಬಣ್ಣವೂ ಹೋಗಿ ಮೋರಿ ಸೇರುತ್ತವೆ. ನೀರು ಎಲ್ಲಿಗೆ ಹೋಗುತ್ತದೆಂದು ಕೇಳದೆ ನಡೆದರೆ ಏನಾಗುತ್ತದೆಂಬುದಕ್ಕೆ ತಮಿಳುನಾಡಿನ ತಿರುಪ್ಪೂರು ಸಾಕ್ಷಿ. ನಮ್ಮ ದೇಶದ ಬನೀನು, ಟೀ ಷರ್ಟುಗಳ ರಾಜಧಾನಿಯಾದ ಆ ಊರಿನ ಬಣ್ಣ ಕಟ್ಟುವ ಮತ್ತು ಚಲುವೆ ಮಾಡುವ ಕಾರ್ಖಾನೆಗಳ ನೀರು ನೊಯ್ಯಲ್ ನದಿಗೆ ಹರಿಯಿತು. ನೊಯ್ಯಲ್ ಕಾವೇರಿಯ ಉಪನದಿ. ೧೯೯೨ರಲ್ಲಿ ಮುಗಿದ ಒರತ್ತುಪಾಳಯಂ ಜಲಾಶಯ ವ್ಯವಸಾಯಕ್ಕೆಂದು ಕಟ್ಟಿದ್ದು. ಅದು ಉಪ್ಪುಪ್ಪಾದ ಬಣ್ಣದ ನೀರಿನ ತೊಟ್ಟಿಯಾಯಿತು. ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ೨೦೧೧ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಕಾರ್ಖಾನೆಗಳನ್ನು ಮುಚ್ಚುವಂತೆ ಆಜ್ಞೆ ಮಾಡಿತು. ಒಂದು ಹನಿಯನ್ನೂ ಹೊರಗೆ ಬಿಡದಂತೆ ಶುದ್ಧಿಮಾಡಿ ಮತ್ತೆ ಬಳಸುವ ಏರ್ಪಾಡು ಆದ ಮೇಲೆಯೇ ಅವು ಬಾಗಿಲು ತೆರೆಯಬೇಕಾಯಿತು. ದೋಷದ ದೊಡ್ಡ ಪಾಲು ಬಣ್ಣದ ತೊಟ್ಟಿಗಳದು, ಅಚ್ಚಿನ ಮೇಜುಗಳದು ಅಲ್ಪ. ನ್ಯಾಯವಾಗಿ ಅದನ್ನೂ ಹೇಳಬೇಕು. ಆದರೆ ಕೆಲಸ ಕಳೆದುಕೊಂಡ ಕೂಲಿಯವನಿಗೂ, ಬಾವಿ ಕಳೆದುಕೊಂಡ ರೈತನಿಗೂ ಈ ಲೆಕ್ಕದಿಂದ ಸಮಾಧಾನವಾಗುವುದಿಲ್ಲ.

ಮನೆಗೆ ತಂದ ಟೀ ಷರ್ಟಿನ ಮೇಲಿನ ಚಿತ್ರ ಯಾವ ಜಾತಿಯದೆಂದು ಅರಿಯುವುದು ಕಷ್ಟವಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ: ಬಟ್ಟೆಗೂ ಚಿತ್ರಕ್ಕೂ ಭೇದವೇ ತಿಳಿಯದಿದ್ದರೆ ಅದು ಬಹುಶಃ ನೀರಿನ ಬಣ್ಣ, ರಬ್ಬರಿನ ಪದರ ಕೈಗೆ ಹತ್ತಿದರೆ ಪ್ಲಾಸ್ಟಿಸಾಲ್ ಇರಬಹುದು. ಎರಡಾದರೂ ಅಂಗಿಯನ್ನು ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ಚಿತ್ರದ ಮೇಲೆ ಬ್ರಷ್ಷು ಹಾಕಬಾರದು, ಕಾದ ಇಸ್ತ್ರಿಯನ್ನು ಒಳಮಗ್ಗುಲಿನಿಂದಲೇ ಆಡಿಸಬೇಕು. ನೀರಿನ ಬಣ್ಣದ ಚಿತ್ರ ಮೊದಲ ಒಗೆತದಲ್ಲಿಯೇ ಧಾರಾಳವಾಗಿ ಬಿಟ್ಟುಕೊಂಡರೆ ತಪ್ಪು ಸೋಪಿನದಲ್ಲ. ಅಚ್ಚಿನವನ ಒಲೆ ಅಂದು ಸಾಕಷ್ಟು ಕಾದಿರಲಿಲ್ಲ.